ಮೂಕಪ್ರಾಣಿಯ ಋಣ

ದಯೆಯನ್ನು ಕೊಂಡಾಡದ ನೀತಿಗ್ರಂಥವಿಲ್ಲ. ಆದರೆ ದಯೆಗೆ ನಿಜವಾದ ಪರೀಕ್ಷೆ ಒದಗುವುದು, ಒಂದು ಜೀವಕ್ಕೆ ತೋರಿದ ಕನಿಕರವು ಇನ್ನೊಂದು ಜೀವಕ್ಕೆ ನೋವಾಗಿ ಪರಿಣಮಿಸುವ ಸಂದರ್ಭದಲ್ಲಿ. ಹಸಿದವನಿಗೆ ಅನ್ನವಿಕ್ಕುವಾಗ, ಬಾಯಾರಿದ ದನಕ್ಕೆ ನೀರೆರೆಯುವಾಗ ಯಾವ ಧರ್ಮಸಂಕಟವೂ ಇಲ್ಲ. ಅಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಹಿತವೇ. ಎದೆನೋವಿನಿಂದ ಬಳಲುವ ಮನುಷ್ಯನನ್ನು ಉಳಿಸುವ ಸಲುವಾಗಿ, ಯಾವ ರೋಗವೂ ಇಲ್ಲದ ಒಂದು ಹಂದಿಯ ಹೃದಯನಾಳವನ್ನು ಬೇಕೆಂದೇ ಗಾಯಗೊಳಿಸಿ, ಕೆಲವು ವಾರಗಳ ನಂತರ ಆ ಪ್ರಾಣಿಯನ್ನು ಕೊಂದು ನೋಡಬಹುದೆ ಎಂಬ ಪ್ರಶ್ನೆ ಎದುರಾದಾಗ ಮಾತ್ರ ಸುಲಭದ ಉತ್ತರಗಳೆಲ್ಲ ಹಿಂಜರಿಯುತ್ತವೆ. ಈ ಪ್ರಶ್ನೆ ಕಲ್ಪನೆಯದಲ್ಲ. ಔಷಧಲೇಪಿತ ಬಲೂನು ಎಂಬ ಈಚಿನ ಹೃದ್ರೋಗ ಚಿಕಿತ್ಸೆ ಮನುಷ್ಯನ ಬಳಿಗೆ ಬಂದುದು ಇದೇ ದಾರಿಯಿಂದ. ಆ ದಾರಿಯನ್ನು ಮೊದಲು ಇದ್ದಂತೆಯೇ ಅರಿತು, ತರುವಾಯ ಅದರ ಧರ್ಮಾಧರ್ಮಗಳನ್ನು ವಿಚಾರಿಸುವುದು ಯುಕ್ತ.

ಹೃದಯವು ದೇಹಕ್ಕೆಲ್ಲ ರಕ್ತವನ್ನು ಹಂಚುವ ಅಂಗ. ಆದರೆ ಅದರ ಸ್ನಾಯುವಿಗೂ ರಕ್ತ ಬೇಕಷ್ಟೆ. ಅದನ್ನು ಉಣಿಸುವ ನಾಳಗಳಿಗೆ ಕೊರೋನರಿ ಧಮನಿಗಳೆಂದು ಹೆಸರು. ಇವುಗಳ ಅಗಲ ಎರಡು ಮೂರು ಮಿಲಿಮೀಟರುಗಳಿಂದ ನಾಲ್ಕರವರೆಗೆ ಮಾತ್ರ. ವರ್ಷಗಳು ಕಳೆದಂತೆ ಇವುಗಳ ಗೋಡೆಯಲ್ಲಿ ಕೊಬ್ಬು, ನಾರು, ಸುಣ್ಣದ ಅಂಶಗಳು ಸೇರಿ ಒಳದಾರಿ ಇಕ್ಕಟ್ಟಾದರೆ ಎದೆನೋವು ತಲೆದೋರುತ್ತದೆ. ಆ ಇಕ್ಕಟ್ಟಿನಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತವಾಗುತ್ತದೆ. ಎದೆಯನ್ನು ಸೀಳದೆ ಈ ಇಕ್ಕಟ್ಟನ್ನು ಬಿಡಿಸುವ ಉಪಾಯವನ್ನು ಕಂಡವನು ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲಸಮಾಡುತ್ತಿದ್ದ ವೈದ್ಯ ಆಂಡ್ರಿಯಾಸ್ ಗ್ರುಯೆಂಟ್ಸಿಗ್. ಸಪೂರವಾದ ನಳಿಕೆಯ ತುದಿಗೆ ಪುಟ್ಟ ಬಲೂನೊಂದನ್ನು ಜೋಡಿಸಿ, ಅದನ್ನು ಇಕ್ಕಟ್ಟಾದ ಸ್ಥಳಕ್ಕೆ ಒಯ್ದು ಉಬ್ಬಿಸಿದರೆ ದಾರಿ ಅಗಲವಾಗುತ್ತದೆಂಬುದು ಅವನ ಯೋಚನೆ. ಅವನು ಅದನ್ನು ಮೊದಲು ನಾಯಿಗಳಲ್ಲಿ ಪರೀಕ್ಷಿಸಿದನು; ಆ ಫಲವನ್ನು ೧೯೭೬ರಲ್ಲಿ ಅಮೆರಿಕದ ವೈದ್ಯ ಸಮ್ಮೇಳನದ ಮುಂದಿಟ್ಟನು; ೧೯೭೭ನೆಯ ಸೆಪ್ಟೆಂಬರ್ ೧೬ರಂದು ಜ್ಯೂರಿಕ್‌ನಲ್ಲಿ ಮೊಟ್ಟಮೊದಲಿಗೆ ಮನುಷ್ಯನಿಗೆ ಈ ಚಿಕಿತ್ಸೆಯನ್ನು ಮಾಡಿದನು. ಇಂದು ಜಗತ್ತಿನಾದ್ಯಂತ ನಡೆಯುವ ಆಂಜಿಯೋಪ್ಲಾಸ್ಟಿಯ ಆರಂಭ ಇದೇ.

ಉಪಾಯ ಫಲಿಸಿತು, ಆದರೆ ಪೂರ್ಣವಾಗಿ ಅಲ್ಲ. ಬಲೂನು ಧಮನಿಯನ್ನು ಹಿಗ್ಗಿಸುವಾಗ ಅದರ ಗೋಡೆಗೆ ಗಾಯವಾಗುತ್ತದೆ. ಗಾಯವನ್ನು ಮಾಯಿಸಲು ಹೊರಟ ದೇಹ ಅತಿಯಾಗಿ ಮಾಯಿಸುತ್ತದೆ: ಗೋಡೆಯ ಸ್ನಾಯುಕೋಶಗಳು ಬೆಳೆದು ಒಳಕ್ಕೆ ಒತ್ತಿ, ತೆರೆದ ದಾರಿಯನ್ನು ಪುನಃ ಮುಚ್ಚತೊಡಗುತ್ತವೆ. ಬರಿಯ ಬಲೂನಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು ೩೦ರಿಂದ ೪೦ ಮಂದಿಗೆ ಆರು ತಿಂಗಳೊಳಗೆ ಈ ಮರುಸಂಕೋಚ ಕಾಣುತ್ತಿತ್ತು. ೧೯೮೬ರಲ್ಲಿ ಬಂದ ಸ್ಟೆಂಟು ಎಂಬ ಲೋಹದ ಜಾಲರಿಕೊಳವೆ ಗೋಡೆಗೆ ಆಸರೆಯಾಗಿ ನಿಂತು ಈ ತೊಂದರೆಯನ್ನು ಕಡಮೆ ಮಾಡಿತೇ ಹೊರತು ನಿವಾರಿಸಲಿಲ್ಲ. ೨೦೦೨-೦೩ರಲ್ಲಿ ಔಷಧವನ್ನು ಮೆಲ್ಲಮೆಲ್ಲನೆ ಒಸರುವ ಸ್ಟೆಂಟುಗಳು ಬಂದುವು. ಅವು ಮರುಸಂಕೋಚವನ್ನು ಬಹುವಾಗಿ ತಗ್ಗಿಸಿದುವು. ಆದರೆ ಲೋಹ ಜೀವನವಿಡೀ ಒಳಗೇ ಉಳಿಯಿತು, ಅದರ ಮೇಲೆ ಒಳಪದರ ಬೆಳೆಯುವುದು ತಡವಾಯಿತು, ಕೆಲವರಲ್ಲಿ ಬಹುಕಾಲದ ನಂತರ ರಕ್ತ ಹೆಪ್ಪುಗಟ್ಟುವ ಅಪಾಯವೂ ತಲೆದೋರಿತು.

ಆಗ ಜರ್ಮನಿಯ ಬ್ರೂನೋ ಶೆಲ್ಲರ್, ಉಲ್ರಿಚ್ ಸ್ಪೆಕ್ ಮತ್ತು ಅವರ ಸಹೋದ್ಯೋಗಿಗಳು ಬೇರೊಂದು ಪ್ರಶ್ನೆಯನ್ನು ಎತ್ತಿದರು. ಔಷಧವನ್ನು ತಿಂಗಳುಗಟ್ಟಲೆ ಒಸರಿಸಲು ಲೋಹವೇ ಏಕೆ ಬೇಕು? ಬಲೂನಿನ ಮೈಗೇ ಔಷಧವನ್ನು ಲೇಪಿಸಿ, ಅದು ಗೋಡೆಗೆ ಒತ್ತಿಕೊಂಡಿರುವ ಅರ್ಧ ನಿಮಿಷ, ಒಂದು ನಿಮಿಷದ ಅವಧಿಯಲ್ಲೇ ಸಾಕಷ್ಟು ಔಷಧವನ್ನು ಗೋಡೆಗೆ ದಾಟಿಸಬಹುದಲ್ಲವೆ? ಅವರು ಆರಿಸಿಕೊಂಡ ಔಷಧ ಪ್ಯಾಕ್ಲಿಟ್ಯಾಕ್ಸೆಲ್. ಅಮೆರಿಕದ ಪಶ್ಚಿಮ ತೀರದ ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ಕಂಡುಬಂದು, ಅರ್ಬುದರೋಗಕ್ಕೆ ಬಳಕೆಯಾಗುತ್ತಿದ್ದ ವಸ್ತು ಅದು; ಕೋಶಗಳು ವಿಭಜನೆಹೊಂದಿ ಹೆಚ್ಚುವುದನ್ನು ತಡೆಯುವುದು ಅದರ ಗುಣ. ಬಲೂನಿನ ಒಂದು ಚದರ ಮಿಲಿಮೀಟರಿಗೆ ೩ ಮೈಕ್ರೋಗ್ರಾಂ ಎಂಬ ಪ್ರಮಾಣ ಮುಂದೆ ರೂಢಿಗೆ ಬಂದಿತು. ಆದರೆ ಆರಂಭದಲ್ಲಿ ಇದನ್ನು ನಂಬಿದವರು ವಿರಳ. ಹರಿಯುವ ರಕ್ತದಲ್ಲಿ ಔಷಧ ತೊಳೆದುಹೋಗದೆ? ಕ್ಷಣಕಾಲದ ಸ್ಪರ್ಶ ವಾರಗಟ್ಟಲೆ ನಡೆಯುವ ಕೋಶವೃದ್ಧಿಯನ್ನು ತಡೆದೀತೆ? ಒಳಪದರ ಮಾಯದೆ ಉಳಿದು ಹೊಸ ಅಪಾಯ ಹುಟ್ಟದೆ? ಲೇಪದ ಕಣಗಳು ರಕ್ತದೊಡನೆ ಸಾಗಿ ಹೃದಯಸ್ನಾಯುವಿನ ಸೂಕ್ಷ್ಮನಾಳಗಳನ್ನು ಮುಚ್ಚಿದರೆ? ಇವಕ್ಕೆ ಉತ್ತರ ಹೇಳಬೇಕಾಗಿ ಬಂದುದು ಹಂದಿ.

ಹಂದಿಯನ್ನೇ ಆರಿಸಲು ಕಾರಣವುಂಟು. ಅದರ ಹೃದಯದ ಗಾತ್ರ, ಧಮನಿಗಳ ಹಂಚಿಕೆ ಮನುಷ್ಯನವನ್ನು ಬಹುಮಟ್ಟಿಗೆ ಹೋಲುತ್ತವೆ. ನಾಯಿಯ ಹೃದಯದಲ್ಲಿರುವಂತೆ ಒಂದು ನಾಳ ಮುಚ್ಚಿದರೆ ರಕ್ತವನ್ನೊದಗಿಸುವ ಅಡ್ಡದಾರಿಗಳು ಅದರಲ್ಲಿ ಹೆಚ್ಚಾಗಿಲ್ಲ. ಮನುಷ್ಯರಿಗೆ ಬಳಸುವ ನಳಿಕೆಯನ್ನೇ ಅದರಲ್ಲೂ ಬಳಸಬಹುದು. ಎಳೆಯ ಹಂದಿಗೆ ಅರಿವಳಿಕೆ ಕೊಟ್ಟು, ಧಮನಿಯ ಸಹಜವಾದ ಅಗಲಕ್ಕಿಂತ ತುಸು ಹೆಚ್ಚಾಗಿ ಬಲೂನನ್ನೋ ಸ್ಟೆಂಟನ್ನೋ ಉಬ್ಬಿಸಿ ಗೋಡೆಗೆ ಗಾಯವಾಗಿಸುತ್ತಾರೆ. ಗಾಯ ಆಳವಾದಷ್ಟೂ ಒಳಬೆಳವಣಿಗೆ ದಪ್ಪವಾಗುತ್ತದೆಂಬುದನ್ನು ಅಮೆರಿಕದ ರಾಬರ್ಟ್ ಶ್ವಾರ್ಟ್ಸ್ ಮತ್ತವರ ಸಂಗಡಿಗರು ೧೯೯೦ರ ಆಸುಪಾಸಿನಲ್ಲಿ ತೋರಿಸಿಕೊಟ್ಟಿದ್ದರು. ನಾಲ್ಕೈದು ವಾರಗಳ ನಂತರ ಪ್ರಾಣಿಯನ್ನು ಕೊಂದು, ಧಮನಿಯನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಅಳೆಯುತ್ತಾರೆ. ಶೆಲ್ಲರ್ ಮತ್ತವರ ಬಳಗ ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ವಾರಗಳ ತರುವಾಯ ನೋಡಿದಾಗ, ಲೇಪಿತ ಬಲೂನು ಬಳಸಿದೆಡೆ ಒಳಬೆಳವಣಿಗೆ ೬೩ ಶೇಕಡದವರೆಗೆ ಕಡಮೆಯಾಗಿತ್ತು, ಒಳಪದರವೂ ಮಾಯ್ದಿತ್ತು. ೨೦೦೬ರಲ್ಲಿ ಇದರ ಫಲ ಮನುಷ್ಯರಲ್ಲಿ ಕಂಡಿತು. ಸ್ಟೆಂಟಿನೊಳಗೆ ಮರುಸಂಕೋಚವಾಗಿದ್ದ ೫೨ ರೋಗಿಗಳ ಪರೀಕ್ಷೆಯಲ್ಲಿ, ಆರು ತಿಂಗಳ ನಂತರ ಚಿತ್ರತೆಗೆದು ನೋಡಲಾದವರ ಪೈಕಿ, ಬರಿಯ ಬಲೂನಿನ ೨೩ ಮಂದಿಯಲ್ಲಿ ೧೦ ಜನಕ್ಕೆ ನಾಳ ಮತ್ತೆ ಇಕ್ಕಟ್ಟಾಗಿದ್ದರೆ, ಲೇಪಿತ ಬಲೂನಿನ ೨೨ ಮಂದಿಯಲ್ಲಿ ಹಾಗಾದುದು ಒಬ್ಬನಿಗೆ ಮಾತ್ರ. ಅಮೆರಿಕದಲ್ಲಿ ಇಂಥ ಬಲೂನಿಗೆ ಹೃದಯನಾಳಗಳಲ್ಲಿ ಬಳಸಲು ಮೊದಲ ಅನುಮತಿ ದೊರೆತುದು ೨೦೨೪ರ ಮಾರ್ಚಿಯಲ್ಲಿ. ಅದಕ್ಕೆ ಆಧಾರವಾದ ೬೦೦ ರೋಗಿಗಳ ಪರೀಕ್ಷೆಯಲ್ಲಿ ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾದುದು ಬರಿಯ ಬಲೂನಿನಲ್ಲಿ ೨೮.೬ ಶೇಕಡ, ಲೇಪಿತ ಬಲೂನಿನಲ್ಲಿ ೧೭.೯ ಶೇಕಡ.

ಸಂಗತಿ ಇಷ್ಟು. ಹಲವರ ಎದೆನೋವು ಮಾಯಿತು, ಹಲವರಿಗೆ ಮರಳಿ ಚಿಕಿತ್ಸೆಯ ಕಷ್ಟ ತಪ್ಪಿತು. ಅದಕ್ಕಾಗಿ ಏನನ್ನೂ ಅರಿಯದ ಪ್ರಾಣಿಗಳು ಗಾಯಗೊಂಡು ಸತ್ತುವು. ಈಗ ಧರ್ಮವಿಚಾರಕ್ಕೆ ಬರಬಹುದು. ಈ ವಿಷಯದಲ್ಲಿ ಎರಡು ಪಕ್ಷಗಳು ಪ್ರಬಲವಾಗಿವೆ.

ಮೊದಲನೆಯ ಪಕ್ಷದವರು ಹೇಳುವುದು: ಮನುಷ್ಯನು ಬುದ್ಧಿಯಲ್ಲಿ ಶ್ರೇಷ್ಠ, ಕೆಳಗಿನ ಪ್ರಾಣಿಗಳೆಲ್ಲ ಅವನ ಉಪಯೋಗಕ್ಕೆ ಇರುವವು, ಆದುದರಿಂದ ಇಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಈ ವಾದ ತನ್ನ ಬುಡವನ್ನು ತಾನೇ ಕಡಿದುಕೊಳ್ಳುತ್ತದೆ. ಹಂದಿಯ ಮೇಲಿನ ಪ್ರಯೋಗಕ್ಕೆ ಬೆಲೆ ಬಂದುದಾದರೂ ಯಾವ ಕಾರಣದಿಂದ? ಅದರ ಧಮನಿ ಮನುಷ್ಯನ ಧಮನಿಯಂತೆ, ಅದರ ರಕ್ತ ಮನುಷ್ಯನ ರಕ್ತದಂತೆ, ಅದರ ಗಾಯ ಮನುಷ್ಯನ ಗಾಯದಂತೆ ವರ್ತಿಸುತ್ತದೆಂಬ ಕಾರಣದಿಂದ. ಮೈ ನಮ್ಮಂತೆಯೇ ಎಂದು ಹೇಳಿ ಫಲವನ್ನು ಪಡೆದವನು, ನೋವು ಮಾತ್ರ ನಮ್ಮಂತಲ್ಲ ಎಂದು ನುಡಿದರೆ ಅದು ವಿಜ್ಞಾನವೂ ಅಲ್ಲ, ನೀತಿಯೂ ಅಲ್ಲ. ಹೋಲಿಕೆ ಹೆಚ್ಚಿದಷ್ಟೂ ಪ್ರಯೋಗದ ಪ್ರಯೋಜನ ಹೆಚ್ಚು. ಹೋಲಿಕೆ ಹೆಚ್ಚಿದಷ್ಟೂ ಹೊಣೆಯೂ ಹೆಚ್ಚು. ಬುದ್ಧಿಯಲ್ಲಿ ಶ್ರೇಷ್ಠನಾದವನಿಗೆ ಅದರಿಂದ ಬರುವುದು ಹೆಚ್ಚಿನ ಕರ್ತವ್ಯವೇ ಹೊರತು ಹೆಚ್ಚಿನ ಸ್ವೇಚ್ಛೆಯಲ್ಲ. ತಾಯಿಯ ಕೈಯಲ್ಲಿರುವ ಕೂಸಿಗೆ ಬಲವಿಲ್ಲವೆಂದು ತಾಯಿಗೆ ಹಕ್ಕು ಹೆಚ್ಚುವುದಿಲ್ಲ, ಎಚ್ಚರ ಹೆಚ್ಚುತ್ತದೆ.

ಎರಡನೆಯ ಪಕ್ಷದವರು ಹೇಳುವುದು: ಹಿಂಸೆ ಹಿಂಸೆಯೇ; ಅದರಿಂದ ಯಾವ ಫಲ ಬಂದರೂ ಅದು ಪಾಪದ ಫಲ; ಇಂಥ ಪ್ರಯೋಗಗಳನ್ನೆಲ್ಲ ಇಂದೇ ನಿಲ್ಲಿಸತಕ್ಕದ್ದು. ಈ ಮಾತಿನ ಹಿಂದಿರುವ ಕರುಣೆ ಗೌರವಾರ್ಹವಾದುದು. ಆದರೆ ಅದು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಪ್ರಾಣಿಯಲ್ಲಿ ಪರೀಕ್ಷಿಸದ ಬಲೂನನ್ನು ಮೊದಲು ಯಾರ ಹೃದಯದೊಳಗೆ ಉಬ್ಬಿಸಬೇಕು? ಯಾರಾದರೂ ಒಬ್ಬ ಮನುಷ್ಯನು ಮೊದಲಿಗನಾಗಲೇಬೇಕು. ಲೋಕದ ಅನುಭವವೇನೆಂದರೆ, ಅಂಥ ಮೊದಲಿಗನು ಬಹುಶಃ ಬಡವನೋ, ಸೆರೆಯಾಳೋ, ಬೇರೆ ಗತಿಯಿಲ್ಲದವನೋ ಆಗಿರುತ್ತಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಬಂದಿಶಿಬಿರಗಳಲ್ಲಿ ಮನುಷ್ಯರ ಮೇಲೆಯೇ ನಡೆದ ಘೋರ ಪ್ರಯೋಗಗಳ ವಿಚಾರಣೆ ಮುಗಿದಾಗ, ೧೯೪೭ರ ನ್ಯೂರೆಂಬರ್ಗ್ ನಿಯಮಗಳು, ಮನುಷ್ಯನ ಮೇಲಣ ಪ್ರಯೋಗವು ಪ್ರಾಣಿಗಳಲ್ಲಿ ಮೊದಲು ದೊರೆತ ಅರಿವನ್ನು ಆಧರಿಸಿರಬೇಕೆಂದು ವಿಧಿಸಿದುವು. ೧೯೬೪ರ ಹೆಲ್ಸಿಂಕಿ ಘೋಷಣೆಯೂ ಅದನ್ನೇ ಎತ್ತಿಹಿಡಿಯಿತು. ಅಸಹಾಯ ಮನುಷ್ಯನನ್ನು ಕಾಪಾಡುವ ಸಲುವಾಗಿಯೇ ಪ್ರಾಣಿಯನ್ನು ಮುಂದೆ ನಿಲ್ಲಿಸಲಾಯಿತೆಂಬುದನ್ನು ಮರೆಯಲಾಗದು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳು, ಸಿಲಿಕೋನಿನ ಕೃತಕ ನಾಳಗಳು, ಗಣಕಯಂತ್ರದ ಲೆಕ್ಕಗಳು ಇಂದು ಬಹಳಷ್ಟನ್ನು ಹೇಳಬಲ್ಲವು. ಎಷ್ಟು ಔಷಧ ದಾರಿಯಲ್ಲೇ ತೊಳೆದುಹೋಗುತ್ತದೆಂಬುದನ್ನು ತಿಳಿಯಲು ಹಂದಿ ಬೇಕಿಲ್ಲ. ಆದರೆ ಹರಿಯುವ ರಕ್ತದ ನಡುವೆ, ಬಡಿಯುವ ಹೃದಯದ ಮೇಲೆ, ಗಾಯವು ವಾರಗಟ್ಟಲೆ ಹೇಗೆ ಮಾಯುತ್ತದೆಂಬುದನ್ನು ಜೀವಂತ ದೇಹದ ಹಂಗಿಲ್ಲದೆ ಪೂರ್ತಿಯಾಗಿ ಹೇಳಬಲ್ಲ ಸಾಧನ ಇನ್ನೂ ಕೈಗೆ ಬಂದಿಲ್ಲ.

ಇಲ್ಲಿ ಒಂದು ಶಬ್ದವನ್ನು ಗಮನಿಸಬೇಕು. ಆಂಗ್ಲಭಾಷೆಯ ಸಂಶೋಧನಾ ವರದಿಗಳಲ್ಲಿ, ಪ್ರಯೋಗದ ಕೊನೆಗೆ ಪ್ರಾಣಿಯನ್ನು ಕೊಂದುದನ್ನು ‘ಸ್ಯಾಕ್ರಿಫೈಸ್’ ಮಾಡಲಾಯಿತೆಂದು ಬರೆಯುವ ವಾಡಿಕೆ ಬಹುಕಾಲದಿಂದ ಉಂಟು. ಅದರ ಅರ್ಥ ಬಲಿ ಎಂದೇ. ಬಲಿ ಎಂಬ ಮಾತನ್ನು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಹನ್ನೆರಡನೆಯ ಶತಮಾನದ ಶರಣರು. ಯಜ್ಞದ ಹೆಸರಿನಲ್ಲಾಗಲಿ ಮಾರಿಮಸಣಿಯರ ಹೆಸರಿನಲ್ಲಾಗಲಿ ನಡೆಯುತ್ತಿದ್ದ ಪ್ರಾಣಿಬಲಿಯನ್ನು ಅವರು ಖಂಡತುಂಡವಾಗಿ ನಿರಾಕರಿಸಿದರು. ಅವರ ಆಕ್ಷೇಪದ ತಿರುಳು ಏನು? ಕೊಲ್ಲುವವನು ತನ್ನ ಲಾಭಕ್ಕಾಗಿ ಕೊಂದು ಅದಕ್ಕೆ ಪುಣ್ಯದ ಹೆಸರಿಡುತ್ತಾನೆ. ತನ್ನ ಹೊಣೆಯನ್ನು ದೇವರ ಮೇಲೆ ಹೊರಿಸುತ್ತಾನೆ. ಪ್ರಯೋಗಶಾಲೆಯ ಕೊಲೆಗೂ ಯಜ್ಞಶಾಲೆಯ ಕೊಲೆಗೂ ಒಂದು ಭೇದವುಂಟು: ಅಲ್ಲಿ ಫಲ ಕಾಣದ ಲೋಕದ್ದು, ಪರೀಕ್ಷೆಗೆ ನಿಲುಕದ್ದು, ಇಲ್ಲಿ ಫಲ ಕಣ್ಣೆದುರಿನ ರೋಗಿಯದು, ಅಳೆದು ನೋಡಬಹುದಾದದ್ದು. ಆದರೆ ಆತ್ಮವಂಚನೆಯ ಅಪಾಯ ಎರಡು ಕಡೆಯಲ್ಲಿಯೂ ಒಂದೇ. ಅಲ್ಲಿ ದೇವರ ಹೆಸರು ಏನನ್ನು ಮುಚ್ಚಿತೋ ಅದನ್ನೇ ಇಲ್ಲಿ ವಿಜ್ಞಾನದ ಹೆಸರು ಮುಚ್ಚಬಲ್ಲುದು. ವ್ಯಾಪಾರದ ಪೈಪೋಟಿಗಾಗಿ, ಬಡ್ತಿಗಾಗಿ, ಪ್ರಬಂಧಗಳ ಸಂಖ್ಯೆಗಾಗಿ ನಡೆದ ಪ್ರಯೋಗವನ್ನು ಲೋಕಹಿತವೆಂದು ಕರೆದರೆ, ಅದು ಹಳೆಯ ಬಲಿಯ ಹೊಸ ವೇಷವೇ ಸರಿ.

ಆದುದರಿಂದ ಎರಡು ಪಕ್ಷಗಳಲ್ಲಿಯೂ ಕೊರತೆಯಿದೆ. ಮೊದಲನೆಯದು ಕೃತ್ಯವನ್ನು ನಿರ್ದೋಷವೆನ್ನುತ್ತದೆ. ಎರಡನೆಯದು ಅದನ್ನು ಸರ್ವಥಾ ನಿಷಿದ್ಧವೆನ್ನುತ್ತದೆ. ಸತ್ಯ ಇರುವುದು ಇವೆರಡರ ನಡುವೆ: ಕೆಲವು ಕೃತ್ಯಗಳು ಅನಿವಾರ್ಯವಾಗಬಹುದು, ಆದರೆ ಅಷ್ಟರಿಂದಲೇ ನಿರ್ದೋಷವಾಗುವುದಿಲ್ಲ. ಅಂಥ ಕೃತ್ಯದಿಂದ ಹುಟ್ಟುವುದು ಹಕ್ಕಲ್ಲ, ಋಣ. ಸಾಲ ತಂದವನು ಸಾಲವನ್ನು ಒಳ್ಳೆಯ ಕೆಲಸಕ್ಕೆ ಬಳಸಿದನೆಂಬ ಮಾತ್ರಕ್ಕೆ ಸಾಲ ತೀರುವುದಿಲ್ಲ. ಕೊಟ್ಟ ಸಾಲಿಗನು ಕೇಳಲಾರದ ಮೂಕಪ್ರಾಣಿಯಾದರೆ, ಕೊಂಡವನೇ ತನ್ನನ್ನು ತಾನು ಕೇಳಿಕೊಳ್ಳಬೇಕು. ಈ ಋಣವನ್ನು ಒಪ್ಪಿಕೊಂಡವನ ಮೇಲೆ ಕೆಲವು ಕರ್ತವ್ಯಗಳು ಬೀಳುತ್ತವೆ.

ಮೊದಲನೆಯದು, ಪ್ರಾಣಿಯು ಉತ್ತರಿಸಬಲ್ಲ ಪ್ರಶ್ನೆಯನ್ನು ಮಾತ್ರ ಅದಕ್ಕೆ ಹಾಕುವುದು. ಇದಕ್ಕೆ ಈ ಕ್ಷೇತ್ರದಲ್ಲಿಯೇ ಒಂದು ಪಾಠವಿದೆ. ಬಲೂನಿನಿಂದ ಗಾಯಗೊಂಡ ಇಲಿಗಳ ಕುತ್ತಿಗೆಯ ಧಮನಿಯಲ್ಲಿ ಒಳಬೆಳವಣಿಗೆಯನ್ನು ಸಿಲಾಜಾಪ್ರಿಲ್ ಎಂಬ ಔಷಧ ತಡೆಯುತ್ತದೆಂದು ೧೯೮೯ರಲ್ಲಿ ಕಂಡುಬಂತು. ಆಶೆ ಬಲವಾಯಿತು. ೧೯೯೨ರಲ್ಲಿ ಪ್ರಕಟವಾದ ಮನುಷ್ಯರ ದೊಡ್ಡ ಪರೀಕ್ಷೆಯಲ್ಲಿ ಅದು ಮರುಸಂಕೋಚವನ್ನು ತಡೆಯಲಿಲ್ಲ. ಇಲಿ ಸುಳ್ಳು ಹೇಳಲಿಲ್ಲ. ಇಲಿಯು ಅರಿಯದ ಪ್ರಶ್ನೆಯನ್ನು ಮನುಷ್ಯನು ಅದಕ್ಕೆ ಹಾಕಿದ್ದನು. ಹಂದಿಗೂ ಇದೇ ಮಾತು ಸಲ್ಲುತ್ತದೆ. ಎಳೆಯ ಹಂದಿಯ ಶುದ್ಧವಾದ ಧಮನಿಯೆಲ್ಲಿ, ಅರುವತ್ತು ವರ್ಷಗಳ ಕೊಬ್ಬೂ ಸುಣ್ಣವೂ ಗಟ್ಟಿಯಾಗಿ ಕೂತ ಮನುಷ್ಯನ ಧಮನಿಯೆಲ್ಲಿ? ಔಷಧ ಗೋಡೆಗೆ ದಾಟುತ್ತದೆಯೆ, ಎಷ್ಟು ದಿನ ನಿಲ್ಲುತ್ತದೆ, ಗಾಯ ಮಾಯುತ್ತದೆಯೆ, ಎಂತಹ ಪ್ರಮಾಣ ವಿಷವಾಗುತ್ತದೆ ಎಂಬುದಕ್ಕೆ ಹಂದಿ ಸಾಕ್ಷಿ ನುಡಿಯಬಲ್ಲುದು. ರೋಗಿ ಹೆಚ್ಚು ಕಾಲ ಬದುಕುತ್ತಾನೆಯೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಎರಡನೆಯದು, ನೋವನ್ನೂ ಸಂಖ್ಯೆಯನ್ನೂ ಕನಿಷ್ಠಕ್ಕೆ ಇಳಿಸುವುದು. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿದ್ವಾಂಸರು ೧೯೫೯ರಲ್ಲಿ ಮೂರು ಸೂತ್ರಗಳನ್ನು ಹೇಳಿದರು: ಸಾಧ್ಯವಾದೆಡೆ ಪ್ರಾಣಿಗೆ ಬದಲು ಬೇರೆ ಸಾಧನವನ್ನು ಬಳಸುವುದು, ಬಳಸಲೇಬೇಕಾದೆಡೆ ಸಂಖ್ಯೆಯನ್ನು ತಗ್ಗಿಸುವುದು, ಬಳಸುವಾಗ ನೋವಾಗದಂತೆ ವಿಧಾನವನ್ನು ತಿದ್ದುವುದು. ಭಾರತದಲ್ಲಿ, ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾಗಿ ಬಂದ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಆದರೆ ಅವು ಅರಿವಳಿಕೆಯೊಡನೆ, ಅರ್ಹರ ಕೈಯಿಂದ, ಅನಾವಶ್ಯಕ ನೋವಿಲ್ಲದೆ ನಡೆಯಬೇಕೆಂದು ವಿಧಿಸಿತು. ೧೯೯೮ರ ನಿಯಮಗಳು ಇದನ್ನು ಇನ್ನೂ ಬಿಗಿಗೊಳಿಸಿದುವು. ಜರ್ಮನಿಯು ೨೦೦೨ರಲ್ಲಿ ಪ್ರಾಣಿರಕ್ಷಣೆಯನ್ನು ತನ್ನ ಸಂವಿಧಾನದಲ್ಲಿಯೇ ಸೇರಿಸಿತು. ಕಾನೂನು ಹೊರಗಿನ ಬೇಲಿ. ಬೇಲಿಯ ಒಳಗೆ, ಯಾರೂ ನೋಡದ ರಾತ್ರಿಯ ಹೊತ್ತು, ಎಚ್ಚತ್ತ ಪ್ರಾಣಿಗೆ ನೋವಿದೆಯೇ ಎಂದು ಎದ್ದುಹೋಗಿ ನೋಡುವವನ ಮನಸ್ಸೇ ನಿಜವಾದ ಕಾವಲು.

ಮೂರನೆಯದು, ಸತ್ಯ. ಎಲ್ಲಕ್ಕಿಂತ ದೊಡ್ಡ ಕರ್ತವ್ಯ ಇದೇ ಎನ್ನಬೇಕು. ಪ್ರಾಣಿಯು ಪ್ರಾಣ ಕೊಟ್ಟು ನುಡಿದ ಸಾಕ್ಷ್ಯವನ್ನು ತಿರುಚುವುದು ಎರಡು ಸಾರಿ ಕೊಂದಂತೆ. ಯಾವ ಧಮನಿಗೆ ಯಾವ ಬಲೂನು ಎಂಬುದನ್ನು ಚೀಟಿಯೆತ್ತಿದಂತೆ ನಿಷ್ಪಕ್ಷವಾಗಿ ನಿರ್ಣಯಿಸಬೇಕು; ಅಳತೆ ಮಾಡುವವನಿಗೆ ಅದು ಯಾವುದೆಂದು ತಿಳಿದಿರಬಾರದು; ಫಲ ಬಾರದಿದ್ದರೆ ಅದನ್ನೂ ಪ್ರಕಟಿಸಬೇಕು. ಸೋತ ಪ್ರಯೋಗವನ್ನು ಬೀರುವಿನಲ್ಲಿ ಮುಚ್ಚಿಟ್ಟರೆ, ಬೇರೊಂದು ಊರಿನಲ್ಲಿ ಬೇರೊಬ್ಬನು ಅದನ್ನೇ ಮತ್ತೆ ಮಾಡಿ ಬೇರೆ ಪ್ರಾಣಿಗಳನ್ನು ಕೊಲ್ಲುತ್ತಾನೆ. ಮೌನವೂ ಹಿಂಸೆಯಾಗುವ ಬಗೆ ಇದು.

ನಾಲ್ಕನೆಯದು, ಪ್ರಾಣಿಯ ಸಾಕ್ಷ್ಯ ಮುಗಿದ ಮೇಲೂ ಎಚ್ಚರವಾಗಿರುವುದು. ಕಾಲಿನ ಧಮನಿಗಳಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಲೇಪಿತ ಸಾಧನಗಳನ್ನು ಪಡೆದವರಲ್ಲಿ ಕೆಲವು ವರ್ಷಗಳ ನಂತರ ಮರಣ ಹೆಚ್ಚೆಂದು ೨೦೧೮ರ ಡಿಸೆಂಬರಿನಲ್ಲಿ ಒಂದು ವಿಶ್ಲೇಷಣೆ ಸೂಚಿಸಿತು. ಮರುವರ್ಷ ಅಮೆರಿಕದ ಔಷಧ ನಿಯಂತ್ರಕರು ವೈದ್ಯರಿಗೆ ಎಚ್ಚರಿಕೆ ಕೊಟ್ಟರು. ಹೆಚ್ಚಿನ ರೋಗಿಗಳನ್ನು ಹೆಚ್ಚು ಕಾಲ ಗಮನಿಸಿದ ಮೇಲೆ, ೨೦೨೩ರ ಜುಲೈಯಲ್ಲಿ, ಆ ಶಂಕೆಗೆ ಆಧಾರವಿಲ್ಲವೆಂದು ತೀರ್ಮಾನಿಸಿದರು. ಚೀನಾದೇಶದಲ್ಲಿ ೨,೨೭೨ ರೋಗಿಗಳಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹೊಸದಾಗಿ ಚಿಕಿತ್ಸೆ ಪಡೆಯುವ ನಾಳಗಳಿಗೆ ಲೇಪಿತ ಬಲೂನು ಔಷಧದ ಸ್ಟೆಂಟಿಗೆ ಸಮಾನವೆಂದು ಸಿದ್ಧವಾಗಲಿಲ್ಲ. ಸಣ್ಣ ನಾಳಗಳಲ್ಲಿ ಅದು ಸಮಾನವೆಂದು ೨೦೧೮ರಲ್ಲಿ ಬೇರೊಂದು ಪರೀಕ್ಷೆ ತೋರಿಸಿತ್ತು. ಯಾವ ರೋಗಿಗೆ ಯಾವುದು ಹಿತವೆಂಬ ಈ ವಿವೇಕವನ್ನು ಯಾವ ಹಂದಿಯೂ ಹೇಳಿಕೊಡಲಾರದು. ಅದಕ್ಕೆ ಮನುಷ್ಯರೇ ತಿಳಿದೊಪ್ಪಿ ಸಾಕ್ಷಿಗಳಾಗಬೇಕು.

ಇಷ್ಟನ್ನು ಹೇಳಿದ ಮೇಲೆ, ಕರ್ತವ್ಯವೆಲ್ಲ ಪ್ರಯೋಗ ಮಾಡುವವನದೇ ಎಂದು ಉಳಿದವರು ನೆಮ್ಮದಿಯಿಂದ ಕೈತೊಳೆದುಕೊಳ್ಳುವಂತಿಲ್ಲ. ಬಲೂನು ಸಿದ್ಧವಾದುದು ಯಾರಿಗಾಗಿಯೋ ಅವರೂ ಸಾಲಗಾರರೇ. ಹೃದ್ರೋಗ ಬಂದವರೆಲ್ಲ ತಪ್ಪಿತಸ್ಥರೆಂದು ತಿಳಿಯುವುದು ಅನ್ಯಾಯ. ವಂಶದಿಂದ ಬಂದ ದೋಷವುಂಟು, ವಯಸ್ಸುಂಟು, ನಿಯಮದಿಂದ ಬಾಳಿದವರಿಗೂ ತಟ್ಟಿದ ರೋಗವುಂಟು. ಆದರೆ ಹೊಗೆಸೊಪ್ಪು, ಮಿತಿಯಿಲ್ಲದ ಊಟ, ಮೈಗಳ್ಳತನ, ಅಲಕ್ಷಿಸಿದ ರಕ್ತದೊತ್ತಡ ಮತ್ತು ಮಧುಮೇಹ ಇವು ಧಮನಿಯನ್ನು ಕೆಡಿಸುವುದರಲ್ಲಿ ಮುಂದಾಳುಗಳೆಂಬುದು ನಿರ್ವಿವಾದ. ಬಲ್ಲವನು ಬಲ್ಲಂತೆಯೇ ಕೆಡಿಸಿಕೊಂಡುದನ್ನು ಸರಿಪಡಿಸಲು ಅರಿಯದ ಪ್ರಾಣಿ ಗಾಯಗೊಳ್ಳಬೇಕಾಯಿತೆಂದರೆ, ಅದರಲ್ಲಿ ವೈದ್ಯನ ಪಾಲು ಎಷ್ಟು, ಬೀಡಿ ಸೇದುವವನ ಪಾಲು ಎಷ್ಟು ಎಂದು ಲೆಕ್ಕ ಕೇಳಬಾರದೆ? ಮಿತಾಹಾರವೂ ನಡಿಗೆಯೂ ಆರೋಗ್ಯದ ಸೂತ್ರಗಳೆಂದು ಮಾತ್ರ ಜನ ತಿಳಿದಿದ್ದಾರೆ. ಅವು ಜೀವದಯೆಯ ಸೂತ್ರಗಳೂ ಹೌದು.

ಸಮಾಜಕ್ಕೂ ಇಲ್ಲಿ ಪಾಲುಂಟು. ಮೂಕಪ್ರಾಣಿಗಳ ಜೀವ ತೆತ್ತು ಪಡೆದ ಅರಿವು ಹಣವುಳ್ಳ ಕೆಲವರ ಸೊತ್ತಾಗಿ ಉಳಿದರೆ, ಲೋಕಹಿತಕ್ಕಾಗಿ ಕೊಂದೆವೆಂಬ ಮಾತು ಹುಸಿಯಾಗುತ್ತದೆ. ೨೦೧೭ರ ಫೆಬ್ರವರಿಯಲ್ಲಿ ಭಾರತದ ಔಷಧಬೆಲೆ ಪ್ರಾಧಿಕಾರವು ಸ್ಟೆಂಟುಗಳ ಬೆಲೆಗೆ ಮಿತಿ ಹಾಕಿ, ಔಷಧ ಒಸರುವ ಸ್ಟೆಂಟಿಗೆ ೨೯,೬೦೦ ರೂಪಾಯಿಗಳೆಂದು ಗೊತ್ತುಪಡಿಸಿದಾಗ, ಅದನ್ನು ಕೇವಲ ಅರ್ಥನೀತಿಯ ವಿಷಯವೆಂದು ಅನೇಕರು ಚರ್ಚಿಸಿದರು. ಯಾರ ಹೆಸರಿನಲ್ಲಿ ಹಿಂಸೆಯನ್ನು ಒಪ್ಪಲಾಯಿತೋ ಆ ಬಡರೋಗಿಯವರೆಗೆ ಫಲ ತಲಪಬೇಕೆಂಬುದು ಅದರ ಹಿಂದಿನ ಧರ್ಮ.

ಮುಂದೊಂದು ದಿನ ಹಂದಿಯನ್ನು ಮುಟ್ಟದೆಯೇ ಈ ಪ್ರಶ್ನೆಗಳಿಗೆಲ್ಲ ಉತ್ತರ ದೊರೆಯಬಹುದು. ಅಮೆರಿಕದಲ್ಲಿ ೨೦೨೨ರ ಡಿಸೆಂಬರಿನಲ್ಲಿ, ಹೊಸ ಔಷಧಗಳಿಗೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಹಳೆಯ ಕಾನೂನನ್ನು ಸಡಿಲಿಸಿ, ಬೇರೆ ವಿಧಾನಗಳಿಗೂ ಬಾಗಿಲು ತೆರೆಯಲಾಗಿದೆ. ಆ ದಿನ ಬೇಗ ಬರಲೆಂದು ಹಾರೈಸುವುದಷ್ಟೇ ಅಲ್ಲ, ಅದಕ್ಕಾಗಿ ದುಡಿಯುವುದೂ ಋಣ ತೀರಿಸುವ ಒಂದು ಬಗೆ. ಅಲ್ಲಿಯವರೆಗೆ, ಪ್ರಯೋಗ ಮಾಡುವವನು ಪ್ರತಿಯೊಂದು ಪ್ರಾಣಿಯ ಮುಂದೆಯೂ, ಈ ಪ್ರಶ್ನೆ ನಿಜವಾಗಿ ಕೇಳಲೇಬೇಕಾದುದೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿ. ಗುಣಹೊಂದಿ ಆಸ್ಪತ್ರೆಯ ಬಾಗಿಲನ್ನು ದಾಟುವ ರೋಗಿಯು, ವೈದ್ಯನಿಗೆ ಕೈಮುಗಿಯುವಾಗ, ತನ್ನ ಹೃದಯದ ದಾರಿಯನ್ನು ತೆರೆಯುವ ಮೊದಲು ಇನ್ನೊಂದು ಹೃದಯ ನಿಂತಿತೆಂಬುದನ್ನು ನೆನೆಯಲಿ, ಮತ್ತು ಉಳಿದ ಆಯುಷ್ಯವನ್ನು ಆ ಬೆಲೆಗೆ ತಕ್ಕಂತೆ ಬಾಳಲಿ.